ವಿಪಿಎನ್ ಲಿಂಕ್ ಯಾರಿಗೆ ಕೊಡಬೇಕು, ಯಾರಿಗೆ ಬೇಡ?

ಮಂಗಳೂರು, ಉಡುಪಿ ಕಡೆಯ ಯಾವ ಮನೆಯ ವಾಟ್ಸಾಪ್ ಗ್ರೂಪ್ ನೋಡಿದರೂ ಹೊರದೇಶದ ಒಂದೆರಡು ನಂಬರ್ ಇದ್ದೇ ಇರುತ್ತವೆ. ದುಬೈ, ದೋಹಾ, ದಮ್ಮಾಮ್‌ನಲ್ಲಿ ಕೆಲಸಕ್ಕಿರುವವರು, ಹಡಗಿನಲ್ಲಿರುವವರು, ರಷ್ಯಾಕ್ಕೋ ಚೀನಾಕ್ಕೋ ಎಂಬಿಬಿಎಸ್ ಓದಲು ಹೋದ ಮಕ್ಕಳು. ಹಾಗಾಗಿ ಇಂಟರ್ನೆಟ್ ಸೆನ್ಸಾರ್ ನಮಗೆ ಎಲ್ಲೋ ದೂರದ ಸುದ್ದಿ ಆಗಿ ಉಳಿದಿಲ್ಲ. ದುಬೈಯಲ್ಲಿರುವ ಅಣ್ಣನಿಗೆ ವಾಟ್ಸಾಪ್ ಕಾಲ್ ಹೋಗುವುದಿಲ್ಲ. ರಷ್ಯಾದಲ್ಲಿ ಓದುವ ತಂಗಿಗೆ 2022ರ ಮಾರ್ಚ್‌ನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬಂದ್. 2025ರ ಆಗಸ್ಟ್‌ನಲ್ಲಿ ವಾಟ್ಸಾಪ್, ಟೆಲಿಗ್ರಾಂ ಕಾಲ್‌ಗಳಿಗೂ ಅಲ್ಲಿ ಕಡಿವಾಣ ಬಿತ್ತು. ಚೀನಾದಲ್ಲಂತೂ ಗೂಗಲ್ಲೇ ತೆರೆಯುವುದಿಲ್ಲ.

ಆಗ ಊರಿನಲ್ಲಿರುವ, ಕಂಪ್ಯೂಟರ್ ಸ್ವಲ್ಪ ಗೊತ್ತಿರುವ ಒಬ್ಬರಿಗೆ ಮೆಸೇಜ್ ಬರುತ್ತದೆ: "ಏನಾದ್ರೂ ಮಾಡಿ ಇದೊಂದು ಓಪನ್ ಆಗುವ ಹಾಗೆ ಮಾಡು ಮಾರಾಯ."

ಅದಕ್ಕೆ ಬೇಕಾದ್ದು ವಿಪಿಎನ್, ಅಂದರೆ ತಡೆದ ಸೈಟನ್ನು ಬೇರೆ ಕಡೆ ಇರುವ ಒಂದು ಕಂಪ್ಯೂಟರ್ (ಸರ್ವರ್) ಮೂಲಕ ಸುತ್ತಿ ತೆರೆಯುವ ದಾರಿ. ಮಾಡಿಕೊಡುವುದು ಈಗ ಅಷ್ಟೇನೂ ದೊಡ್ಡ ಕೆಲಸವಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟರೆ ಸಿಂಗಾಪುರದಲ್ಲೋ ಯುರೋಪಿನಲ್ಲೋ ಒಂದು ಸಣ್ಣ ಸರ್ವರ್ ಬಾಡಿಗೆಗೆ ಸಿಗುತ್ತದೆ. ಗೂಗಲ್ ಬಳಗದ ಜಿಗ್‌ಸಾ 2018ರಲ್ಲಿ ಹೊರತಂದ ಔಟ್‌ಲೈನ್‌ನಂಥ ಸಾಫ್ಟ್‌ವೇರನ್ನು ಅದರಲ್ಲಿ ಹಾಕಿದರೆ ಉದ್ದನೆಯ ಒಂದು ಆಕ್ಸೆಸ್ ಕೀ, ಅಂದರೆ ಆ ಸರ್ವರಿಗೆ ಹೋಗುವ ಲಿಂಕ್, ಬರುತ್ತದೆ. ಗೆಳೆಯನಿಗೆ ಕಳಿಸಿದರೆ ಅವನು ಅದನ್ನು ಫೋನಿನ ಆ್ಯಪ್‌ನಲ್ಲಿ ಪೇಸ್ಟ್ ಮಾಡುತ್ತಾನೆ. ಅಲ್ಲಿಗೆ ಮುಗಿಯಿತು. ಕಷ್ಟ ಶುರುವಾಗುವುದು ಆಮೇಲೆ. "ನನ್ನ ರೂಮ್‌ಮೇಟ್‌ಗೂ ಒಂದು ಕೊಡು." "ನಮ್ಮ ಆಫೀಸಿನವರೊಬ್ರು ಕೇಳ್ತಿದ್ದಾರೆ, ಒಳ್ಳೆ ಜನ." ಇವರಲ್ಲಿ ಯಾರಿಗೆ ಹೂಂ ಅನ್ನಬೇಕು?

ನಮ್ಮಲ್ಲಿ ಹೆಚ್ಚಿನವರು ಇದಕ್ಕೆ ಮನುಷ್ಯನ ಗುಣ ನೋಡಿ ಉತ್ತರ ಕೊಡುತ್ತೇವೆ. ಗೊತ್ತಿರುವ ಮನೆಯವನು, ಒಟ್ಟಿಗೆ ಓದಿದವನು, ಮೋಸ ಮಾಡುವವನಲ್ಲ. ಇಷ್ಟು ಸಾಕಾಗುವುದಿಲ್ಲ ಅನ್ನುವುದು ನನ್ನ ವಾದ. ಒಳ್ಳೆಯವನ ಫೋನೂ ಕಳೆದುಹೋಗುತ್ತದೆ. ಒಳ್ಳೆಯವನೂ ಪೊಲೀಸರ ಮುಂದೆ ಕೂತಾಗ ಪಾಸ್‌ವರ್ಡ್ ಹೇಳುತ್ತಾನೆ. ಉಪಕಾರವಾಗಲಿ ಅಂತಲೇ ಅವನು ಲಿಂಕನ್ನು ಇನ್ನೂರು ಜನರ ಗ್ರೂಪಿಗೆ ಹಾಕಿಬಿಡಬಹುದು. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇವನ ಕೈಯಿಂದ ಈ ಲಿಂಕ್ ಹೊರಗೆ ಹೋದರೆ ಪೆಟ್ಟು ಬೀಳುವುದು ಯಾರಿಗೆ, ಎಷ್ಟು ಜನರಿಗೆ?

ಅಪಾಯ ಯಾರ ತಲೆ ಮೇಲೆ?

ಕೊಡುವ ನಮಗಿಂತ ಪಡೆಯುವವನ ಅಪಾಯ ಸಾಮಾನ್ಯವಾಗಿ ಜಾಸ್ತಿ. ಯುಎಇಯನ್ನೇ ನೋಡಿ. ಅಲ್ಲಿ ವಿಪಿಎನ್ ಪೂರ್ತಿ ನಿಷೇಧ ಇಲ್ಲ. ಕಂಪನಿಗಳು, ಬ್ಯಾಂಕುಗಳು ತಮ್ಮ ಕೆಲಸಕ್ಕೆ ಬಳಸುತ್ತವೆ. ಆದರೆ ಅಲ್ಲಿನ 2021ರ ಸೈಬರ್ ಅಪರಾಧ ಕಾನೂನಿನ 10ನೇ ವಿಧಿ ಗಟ್ಟಿಯಾಗಿದೆ. ಅಪರಾಧ ಮಾಡಲು ಅಥವಾ ಅದು ಪತ್ತೆಯಾಗದಂತೆ ತಡೆಯಲು ಬೇರೆ ಐಪಿ ವಿಳಾಸದ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಹಿಂದೆ ಅಡಗಿದರೆ ಜೈಲು ಅಥವಾ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡ. ಎರಡೂ ಬೀಳಬಹುದು. 20 ಲಕ್ಷ ದಿರ್ಹಂ ಅಂದರೆ ನಮ್ಮ ನಾಲ್ಕು ಕೋಟಿ ರೂಪಾಯಿಗೂ ಜಾಸ್ತಿ. ಪರವಾನಗಿ ಇಲ್ಲದ ಕಾಲಿಂಗ್ ಸೇವೆಗೆ ವಿಪಿಎನ್ ಹಾಕುವುದೂ ಇದರೊಳಗೆ ಬರಬಹುದು ಅಂತ ವಕೀಲರು ಎಚ್ಚರಿಸುತ್ತಾರೆ. ಊರಿನಲ್ಲಿ ಕೂತು "ಎಲ್ಲರೂ ಬಳಸ್ತಾರೆ, ಏನೂ ಆಗಲ್ಲ" ಅನ್ನುವುದು ಸುಲಭ. ವೀಸಾ ರದ್ದಾದರೆ ಮನೆ ಸಾಲದ ಕಂತು ನಿಲ್ಲುವುದು ಅವನದ್ದು.

ಅದಕ್ಕೇ ನಾನು ಮೊದಲು ಕೇಳುವುದು, ನಿನಗೆ ಬೇಕಾದ್ದು ಏನು ಅಂತ. ಅಮ್ಮನ ಮುಖ ನೋಡಿ ಮಾತಾಡಬೇಕು, ಅಷ್ಟೇನಾ? ಹಾಗಿದ್ದರೆ ಬೋಟಿಮ್‌ನಂಥ ಅಲ್ಲಿ ಪರವಾನಗಿ ಇರುವ ಆ್ಯಪ್ ಇದೆ. ಅದನ್ನು ಕಾಪುವಿನ ಮನೆಯಲ್ಲಿರುವ ಅಮ್ಮನ ಫೋನಿಗೂ ಹಾಕಿಕೊಟ್ಟರೆ ಕೆಲಸ ಮುಗಿಯಿತು. ಸರ್ವರೂ ಬೇಡ, ಕೀನೂ ಬೇಡ. ಹೀಗೆ ಹೇಳಿ ಕಳಿಸುವುದೂ ಸಹಾಯವೇ.

ರಷ್ಯಾದ ಕಥೆ ಬೇರೆ. 2022ರ ಮಾರ್ಚ್‌ನಲ್ಲಿ ಅಲ್ಲಿನ ಕೋರ್ಟು ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯನ್ನೇ ಉಗ್ರವಾದಿ ಅಂತ ಘೋಷಿಸಿತು. 2024ರ ಮಾರ್ಚ್‌ 1ರಿಂದ ನಿರ್ಬಂಧ ದಾಟುವ ವಿಪಿಎನ್‌ಗಳ ಬಗ್ಗೆ ಪ್ರಚಾರ ಮಾಡುವುದಕ್ಕೂ ನಿಷೇಧ ಇದೆ. 2025ರ ಸೆಪ್ಟೆಂಬರ್‌ನಿಂದ ಉಗ್ರವಾದಿ ಅಂತ ಪಟ್ಟಿ ಮಾಡಿದ ವಿಷಯವನ್ನು ಗೊತ್ತಿದ್ದೂ ಹುಡುಕಿದರೆ ದಂಡ. ವಿಪಿಎನ್ ಹಾಕಿ ಹುಡುಕಿದರೂ ಅಷ್ಟೇ. ಅಂದರೆ ಅಲ್ಲಿ ಓದುವ ಹುಡುಗಿ ಸುಮ್ನೆ ತನ್ನ ಫೋನಿನಲ್ಲಿ ವಿಪಿಎನ್ ಇಟ್ಟುಕೊಳ್ಳುವುದಕ್ಕಿಂತ, "ಇದು ವರ್ಕ್ ಆಗ್ತಿದೆ, ಎಲ್ಲರೂ ಹಾಕ್ಕೊಳ್ಳಿ" ಅಂತ ಕ್ಲಾಸ್ ಗ್ರೂಪಿಗೆ ಲಿಂಕ್ ಹಾಕುವುದು ಹೆಚ್ಚು ಅಪಾಯದ ಕೆಲಸ. ನಾವು ಅವಳಿಗೆ ಲಿಂಕ್ ಕಳಿಸುವಾಗ ಈ ಒಂದು ಮಾತನ್ನೂ ಕಳಿಸಬೇಕು.

ನಮ್ಮ ದೇಶದಲ್ಲಿ ವಿಪಿಎನ್ ಬಳಸುವುದು ಅಪರಾಧವಲ್ಲ. ಆದರೂ ಕಾಶ್ಮೀರವನ್ನು ಮರೆಯುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಅಲ್ಲಿ ಇಂಟರ್ನೆಟ್ ಪೂರ್ತಿ ಕಡಿದರು. 2020ರ ಜನವರಿ ಕೊನೆಗೆ 2ಜಿ ಬಂತು, ಅದೂ ಸರ್ಕಾರ ಒಪ್ಪಿದ 301 ಸೈಟುಗಳಿಗೆ ಮಾತ್ರ. ಜನ ವಿಪಿಎನ್ ಹಾಕಿ ಉಳಿದದ್ದನ್ನು ತೆರೆದರು. ಫೆಬ್ರವರಿಯಲ್ಲಿ ಪೊಲೀಸರು ವಿಪಿಎನ್ ಮೂಲಕ ಸೋಷಿಯಲ್ ಮೀಡಿಯಾ ದುರ್ಬಳಕೆ ಅಂತ ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆಯಡಿಯೂ ಎಫ್‌ಐಆರ್ ಹಾಕಿದರು. ಆಮೇಲಿನ ವರ್ಷಗಳಲ್ಲೂ ಜಮ್ಮು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾಡಳಿತಗಳು ವಿಪಿಎನ್ ಬಳಸಬಾರದು ಅಂತ ಆದೇಶ ಹೊರಡಿಸಿವೆ. ದೇಶದ ಕಾನೂನು ಒಂದೇ ಆದರೂ ಗೆಳೆಯ ಯಾವ ಜಿಲ್ಲೆಯಲ್ಲಿದ್ದಾನೆ ಅನ್ನುವುದರ ಮೇಲೆ ಅವನ ಅಪಾಯ ಬದಲಾಗುತ್ತದೆ.

ನಮ್ಮ ಜಿಲ್ಲೆಯಲ್ಲೂ ಇಂಟರ್ನೆಟ್ ನಿಂತ ದಿನಗಳಿವೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪ್ರತಿಭಟನೆ ವೇಳೆ ಗೋಲಿಬಾರ್ ಆಗಿ ಇಬ್ಬರು ತೀರಿಕೊಂಡ ರಾತ್ರಿಯಿಂದ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ 48 ಗಂಟೆ ಬಂದ್ ಮಾಡಲು ಆದೇಶ ಹೊರಟಿತ್ತು. ಅಂಥ ಹೊತ್ತಿನಲ್ಲಿ ವಿಪಿಎನ್ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಕೆಲವು ಸೈಟ್ ತಡೆದಿದ್ದರೆ ಸುತ್ತಿ ಹೋಗಬಹುದು. ಇಂಟರ್ನೆಟ್ಟೇ ಇಲ್ಲದಿದ್ದರೆ ಸುತ್ತುವುದು ಎಲ್ಲಿಂದ? ಬ್ಲೂಟೂತ್‌ನಿಂದ ಫೋನಿನಿಂದ ಫೋನಿಗೆ ಮೆಸೇಜ್ ದಾಟಿಸುವ ಆ್ಯಪ್‌ಗಳಿವೆ. 2019ರ ಹಾಂಗ್‌ಕಾಂಗ್ ಪ್ರತಿಭಟನೆಯಲ್ಲಿ ಹೆಸರಾದ ಬ್ರಿಡ್ಜ್‌ಫೈಯನ್ನು ಮರುವರ್ಷ ಲಂಡನ್ನಿನ ಸಂಶೋಧಕರು ಪರೀಕ್ಷಿಸಿದಾಗ, ಅದರಲ್ಲಿ ಯಾರು ಯಾರೊಂದಿಗೆ ಮಾತಾಡುತ್ತಿದ್ದಾರೆ ಅನ್ನುವುದನ್ನೂ ಮೆಸೇಜುಗಳನ್ನೂ ಹೊರಗಿನವರು ತಿಳಿಯಬಹುದು ಅಂತ ಗೊತ್ತಾಯಿತು. ಜನ ಅದನ್ನು ಪ್ರತಿಭಟನೆಯ ಬೀದಿಯಲ್ಲೇ ನಂಬಿ ಬಳಸಿದ್ದರು.

ಮೊದಲು ಅವನು ನಿಮ್ಮನ್ನು ನಂಬಬೇಕು

ಯಾರನ್ನು ನಂಬುವುದು ಅಂತ ಯೋಚಿಸುವಾಗ ನಾವು ಯಾವಾಗಲೂ ಎದುರಿನವನ ಬಗ್ಗೆಯೇ ಯೋಚಿಸುತ್ತೇವೆ. ಆದರೆ ವಿಪಿಎನ್ ಮಾಡುವುದು ಇಷ್ಟು: ಅಲ್ಲಿಯವರೆಗೆ ಗೆಳೆಯನ ಮೊಬೈಲ್ ಕಂಪನಿಗೆ ಕಾಣುತ್ತಿದ್ದದ್ದು ಇನ್ನು ಮುಂದೆ ವಿಪಿಎನ್ ನಡೆಸುವವರಿಗೆ ಕಾಣುತ್ತದೆ. ಸರ್ವರ್ ನಿಮ್ಮದಾದರೆ ಆ ಜಾಗದಲ್ಲಿ ನೀವಿದ್ದೀರಿ. ಬ್ಯಾಂಕ್ ಪಾಸ್‌ವರ್ಡ್, ಚಾಟ್‌ನ ಒಳಗಿನ ಮಾತು ನಿಮಗೆ ಕಾಣುವುದಿಲ್ಲ, ಅವು ಹೇಗೂ ಎನ್‌ಕ್ರಿಪ್ಟ್ (ಬೇರೆಯವರು ಓದಲಾಗದ ಹಾಗೆ ಗೂಢಲಿಪಿ) ಆಗಿರುತ್ತವೆ. ಆದರೆ ಯಾವ ಸೈಟಿಗೆ, ಎಷ್ಟು ಹೊತ್ತಿಗೆ, ಎಷ್ಟು ಡೇಟಾ ಹೋಯಿತು ಅನ್ನುವುದನ್ನು ಮನಸ್ಸು ಮಾಡಿದರೆ ನೋಡಬಹುದು. ಭಾವ ರಾತ್ರಿ ಎರಡು ಗಂಟೆಗೆ ಯಾವ ಸೈಟ್ ನೋಡಿದರು ಅನ್ನುವುದು ಗೊತ್ತಾಗುವ ಸ್ಥಿತಿ ನಿಮಗೂ ಒಳ್ಳೆಯದಲ್ಲ, ಅವರಿಗೂ ಅಲ್ಲ. ಔಟ್‌ಲೈನ್‌ನಂಥವು ಹೋದ ಸೈಟುಗಳ ದಾಖಲೆ ಇಡದ ಹಾಗೆಯೇ ಬರುತ್ತವೆ. ಅದನ್ನು ಬದಲಿಸದೆ ಹಾಗೇ ಬಿಡಿ.

ದಾಖಲೆ ಇಡದಿರುವುದು ಬರೀ ಮರ್ಯಾದೆಯ ಪ್ರಶ್ನೆ ಆಗಿ ನಿಲ್ಲುವುದಿಲ್ಲ. 2011ರಲ್ಲಿ ಹೈಡ್‌ಮೈಆ್ಯಸ್ ಎಂಬ ಬ್ರಿಟಿಷ್ ವಿಪಿಎನ್ ಕಂಪನಿ ಕೋರ್ಟ್ ಆದೇಶ ಬಂದಾಗ ತನ್ನ ಬಳಿಯಿದ್ದ ಲಾಗ್ (ಬಳಕೆಯ ದಾಖಲೆ) ಕೊಟ್ಟಿತು. ಅಮೆರಿಕದ ಒಬ್ಬ ಹ್ಯಾಕರ್ ಅದರಿಂದ ಸಿಕ್ಕಿಬಿದ್ದ. 2023ರ ಏಪ್ರಿಲ್‌ನಲ್ಲಿ ಸ್ವೀಡನ್ ಪೊಲೀಸರು ಮಲ್ವಾಡ್ ಕಂಪನಿಯ ಕಚೇರಿಗೆ ವಾರಂಟ್ ಹಿಡಿದು ಹೋದರು. ಗ್ರಾಹಕರ ಮಾಹಿತಿ ಇಟ್ಟೇ ಇಲ್ಲ ಅಂತ ಕಂಪನಿ ತೋರಿಸಿತು, ಪೊಲೀಸರು ಬರಿಗೈಯಲ್ಲಿ ವಾಪಸಾದರು. ಕೇಸಿನ ಸರಿತಪ್ಪು ಬೇರೆ ವಿಷಯ. ಆದರೆ ಒತ್ತಡ ಬಂದಾಗ ಯಾರ ಮಾತು ಉಳಿಯಿತು ಅನ್ನುವುದು ಇಲ್ಲಿ ಸ್ಪಷ್ಟ. ಕೊಡಲು ಏನೂ ಇಲ್ಲದವನೇ ಕೊಡದೆ ಉಳಿದ.

ಭಾರತದಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಆದೇಶ ಹೊರಡಿಸಿ, ವಿಪಿಎನ್ ಸೇವೆ ಕೊಡುವ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ ಇತ್ಯಾದಿಯನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂದಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ತಮ್ಮ ಸರ್ವರ್‌ಗಳನ್ನು ಭಾರತದಿಂದ ತೆಗೆದವು. ಗೆಳೆಯನಿಗೆ ಒಂದು ಕಂಪನಿಯ ಹೆಸರು ಹೇಳುವ ಮೊದಲು ಅದರ ಸರ್ವರ್ ಯಾವ ದೇಶದಲ್ಲಿದೆ, ಅಲ್ಲಿ ಏನು ಇಡಬೇಕಾಗುತ್ತದೆ ಅಂತ ನೋಡುವುದು ಅದಕ್ಕೇ ಮುಖ್ಯ.

ಫ್ರೀ ವಿಪಿಎನ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಯಾರು ನಡೆಸುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ಯಾರಿಗೂ ಹೇಳಬೇಡಿ. 2015ರಲ್ಲಿ ಹೋಲಾ ಎಂಬ ಜನಪ್ರಿಯ ಫ್ರೀ ವಿಪಿಎನ್ ತನ್ನ ಬಳಕೆದಾರರ ಇಂಟರ್ನೆಟ್ ಸಂಪರ್ಕವನ್ನೇ ಬೇರೆ ಕಂಪನಿಗಳಿಗೆ ಮಾರುತ್ತಿತ್ತು ಅಂತ ಹೊರಬಿತ್ತು. ಯಾರದೋ ಕೆಲಸ ನಿಮ್ಮ ಮನೆಯ ಐಪಿಯಿಂದ ಆಗುತ್ತಿತ್ತು ಅಂತ ಅರ್ಥ. ಫೇಸ್‌ಬುಕ್‌ನ ಒನಾವೋ ಪ್ರೊಟೆಕ್ಟ್ ಹೆಸರಿನಲ್ಲೇ ರಕ್ಷಣೆ ಅಂತ ಇತ್ತು. ಅದು ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅಂತ ಫೇಸ್‌ಬುಕ್‌ಗೆ ತಿಳಿಸುತ್ತಿತ್ತು. 2018ರಲ್ಲಿ ಆ್ಯಪಲ್ ಸ್ಟೋರ್‌ನಿಂದ ಹೊರಬಿತ್ತು, 2023ರಲ್ಲಿ ಆಸ್ಟ್ರೇಲಿಯಾದ ಕೋರ್ಟ್ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ದುಡ್ಡಿನ ಆಸೆ ಇಲ್ಲದವರೂ ಅಪಾಯ ತರಬಹುದು. ಇರಾನ್‌ನ 2009ರ ಚುನಾವಣೆ ಗಲಾಟೆಯ ನಂತರ ಅಮೆರಿಕದ ಒಬ್ಬ ಯುವಕ ಅಲ್ಲಿನವರು ಸೆನ್ಸಾರ್ ದಾಟಲು ಹೇಸ್ಟ್ಯಾಕ್ ಎಂಬ ಸಾಫ್ಟ್‌ವೇರ್ ಮಾಡಿದ. ಪತ್ರಿಕೆಗಳು ಹೊಗಳಿದವು, ಅಮೆರಿಕ ಸರ್ಕಾರವೂ ಅನುಮತಿ ಕೊಟ್ಟಿತು. ಅದರ ಕೋಡ್ ಮಾತ್ರ ಹೊರಗಿನ ಯಾರೂ ನೋಡಿರಲಿಲ್ಲ. 2010ರಲ್ಲಿ ಪರಿಣಿತರ ಕೈಗೆ ಸಿಕ್ಕಾಗ ಕೆಲವೇ ಗಂಟೆಗಳಲ್ಲಿ ಅದನ್ನು ಮುರಿದರು. ಬಳಸುವವರು ಯಾರು ಅಂತ ಸರ್ಕಾರ ಹುಡುಕಬಹುದಾದಷ್ಟು ಅದು ದುರ್ಬಲವಾಗಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದರು. ಆ ಹುಡುಗನ ಮನಸ್ಸು ಒಳ್ಳೆಯದೇ ಇತ್ತು ಅಂತ ನಾನು ನಂಬುತ್ತೇನೆ. ಅದರಿಂದ ಇರಾನ್‌ನಲ್ಲಿದ್ದವರಿಗೆ ಯಾವ ರಕ್ಷಣೆಯೂ ಸಿಗಲಿಲ್ಲ. ಕೋಡ್ ಎಲ್ಲರಿಗೂ ನೋಡಲು ಸಿಗುವ, ಬೇರೆಯವರು ಪರೀಕ್ಷೆ ಮಾಡಿದ ಸಾಫ್ಟ್‌ವೇರ್ ಮಾತ್ರ ಕೊಡಿ ಅನ್ನುವುದು ಈ ಕಾರಣಕ್ಕೆ.

ನಿಮ್ಮ ಐಪಿಯಿಂದ ಏನು ಹೊರಡುತ್ತದೆ?

ನಂಬಿಕೆಯ ಇನ್ನೊಂದು ಬದಿ ನಿಮ್ಮ ರಕ್ಷಣೆ. ಗೆಳೆಯ ನಿಮ್ಮ ಸರ್ವರ್ ಮೂಲಕ ಹೋದರೆ ಎದುರಿನ ಸೈಟಿಗೆ ಕಾಣುವುದು ನಿಮ್ಮ ಸರ್ವರಿನ ವಿಳಾಸ. ಅವನ ರೂಮ್‌ಮೇಟ್, ರೂಮ್‌ಮೇಟಿನ ಪರಿಚಯದವನು, ಅವನಿಗೆ ಗೊತ್ತಿರುವ ಇನ್ಯಾರೋ ಆ ಕೀ ಬಳಸಿ ಆನ್‌ಲೈನ್ ವಂಚನೆ ಮಾಡಿದರೆ ವಿಚಾರಣೆ ಸರ್ವರ್ ಬಾಡಿಗೆ ಕಟ್ಟಿದವರ ಹೆಸರಿಗೆ ಬಂದು ನಿಲ್ಲುತ್ತದೆ. ಸೆನ್ (ಸೈಬರ್ ಅಪರಾಧ) ಠಾಣೆಯಲ್ಲಿ ಕೂತು "ಕೀ ನಾನು ಕೊಟ್ಟದ್ದು ನನ್ನ ಕ್ಲಾಸ್‌ಮೇಟ್‌ಗೆ ಮಾತ್ರ ಸರ್" ಅಂತ ವಿವರಿಸುವ ಸ್ಥಿತಿ ಯಾರಿಗೂ ಬೇಡ. ಮನೆಯ ಬ್ರಾಡ್‌ಬ್ಯಾಂಡ್ ಮೇಲೇ ಸರ್ವರ್ ನಡೆಸಿದರೆ ಇದು ಇನ್ನೂ ಹತ್ತಿರ ಬರುತ್ತದೆ.

ಹಾಗಾಗಿ ಈ ರೀತಿಯ ಸಹಾಯ ಚೆನ್ನಾಗಿ ಪರಿಚಯ ಇರುವವರಿಗೆ ಮಾತ್ರ ಇರಲಿ. ಪರಿಚಯ ಇಲ್ಲದವರಿಗೂ ನೆರವಾಗುವ ಮನಸ್ಸಿದ್ದರೆ ಬೇರೆ ದಾರಿ ಇದೆ, ಅದರ ಹೆಸರು ಸ್ನೋಫ್ಲೇಕ್. ಇದು ಟಾರ್ ಜಾಲದ ಭಾಗ. ಟಾರ್ ಅಂದರೆ ಯಾರು ಏನು ನೋಡುತ್ತಾರೆ ಅಂತ ತಿಳಿಯದ ಹಾಗೆ ಸಂಪರ್ಕವನ್ನು ಹಲವು ಕಂಪ್ಯೂಟರುಗಳ ಮೂಲಕ ಹಾಯಿಸುವ ಜಾಲ. ಫೈರ್‌ಫಾಕ್ಸ್ ಅಥವಾ ಕ್ರೋಮ್‌ನಲ್ಲಿ ಒಂದು ಎಕ್ಸ್‌ಟೆನ್ಶನ್ ಹಾಕಿದರೆ ಸಾಕು. ಎಲ್ಲೋ ಇರಾನ್‌ನಲ್ಲೋ ರಷ್ಯಾದಲ್ಲೋ ಇರುವವರು ನಿಮ್ಮ ಬ್ರೌಸರ್ ಮೂಲಕ ಟಾರ್ ಜಾಲದ ಒಳಗೆ ಹೋಗುತ್ತಾರೆ. ಅವರು ಯಾರು, ಏನು ನೋಡುತ್ತಾರೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಕೊನೆಯ ಸೈಟಿಗೆ ನಿಮ್ಮ ಐಪಿ ಕಾಣುವುದೂ ಇಲ್ಲ, ಏಕೆಂದರೆ ಜಾಲದಿಂದ ಹೊರಗೆ ಹೋಗುವುದು ಬೇರೆ ಕಂಪ್ಯೂಟರ್ ಮೂಲಕ. 2021ರ ಜುಲೈಯಿಂದ ಟಾರ್ ಬ್ರೌಸರಿನಲ್ಲೇ ಈ ಸೌಲಭ್ಯ ಸೇರಿದೆ. ಪೊಲೀಸರ ವಶದಲ್ಲಿದ್ದ ಮಹ್ಸಾ ಅಮಿನಿ ಎಂಬ ಯುವತಿಯ ಸಾವಿನ ನಂತರ 2022ರ ಸೆಪ್ಟೆಂಬರ್‌ನಲ್ಲಿ ಇರಾನ್ ನಿರ್ಬಂಧ ಬಿಗಿ ಮಾಡಿದಾಗ ಅಲ್ಲಿಂದ ಬಹಳ ಜನ ಇದನ್ನೇ ಬಳಸಿದರು. ಮಣಿಪಾಲದ ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟ ವಿದ್ಯಾರ್ಥಿಯೂ ಇದನ್ನು ಮಾಡಬಹುದು. ಕಾಲೇಜು ನೆಟ್‌ವರ್ಕ್‌ನ ನಿಯಮ ಒಮ್ಮೆ ಓದಿಕೊಂಡರೆ ಒಳ್ಳೆಯದು. ಇಲ್ಲಿ ಯಾರೂ ಯಾರನ್ನೂ ವೈಯಕ್ತಿಕವಾಗಿ ನಂಬಬೇಕಾಗಿಲ್ಲ. ಅದೇ ಇದರ ದೊಡ್ಡ ಗುಣ.

ಬ್ಲಾಕ್ ಆದ ಕೂಡಲೇ ಯಾರನ್ನು ಅನುಮಾನಿಸುವುದು?

ಗೆಳೆತನ ಕೆಡುವುದು ಹೆಚ್ಚಾಗಿ ಇಲ್ಲಿ. ಚೀನಾದಲ್ಲಿರುವ ಐದಾರು ಮಂದಿಗೆ ಒಂದು ಸರ್ವರ್ ವಿಳಾಸ ಕೊಟ್ಟಿರುತ್ತೀರಿ. ಒಂದು ಬೆಳಿಗ್ಗೆ ಅದು ಸತ್ತುಹೋಗುತ್ತದೆ. ಯಾರೋ ಹೊರಗೆ ಕೊಟ್ಟಿದ್ದಾರೆ ಅಂತ ಅನುಮಾನ. ಹೊಸಬನ ಮೇಲೆ ಬೆರಳು.

ಸೆನ್ಸಾರ್ ಮಾಡುವವರು ವಿಳಾಸ ಹುಡುಕುವುದು ಹೇಗೆ ಅಂತ ಗೊತ್ತಿದ್ದರೆ ಇಷ್ಟು ಬೇಗ ತೀರ್ಮಾನಕ್ಕೆ ಬರುವುದಿಲ್ಲ. ಟಾರ್‌ನ ಮಾಮೂಲಿ ಸರ್ವರ್‌ಗಳ ಪಟ್ಟಿ ಬಹಿರಂಗ. 2009ರ ಸೆಪ್ಟೆಂಬರ್‌ನಲ್ಲಿ ಚೀನಾ ಆ ಪಟ್ಟಿಯನ್ನೇ ತೆಗೆದುಕೊಂಡು ಬ್ಲಾಕ್ ಮಾಡಿತು. ಪಟ್ಟಿಯಲ್ಲಿಲ್ಲದ ಸರ್ವರ್‌ಗಳನ್ನು, ಇವನ್ನು ಬ್ರಿಡ್ಜ್ ಅನ್ನುತ್ತಾರೆ, ಕೇಳಿದವರಿಗೆ ವೆಬ್ ಮತ್ತು ಇಮೇಲ್ ಮೂಲಕ ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದರು. 2010ರ ಮಾರ್ಚ್ ಹೊತ್ತಿಗೆ ಅವೂ ಬ್ಲಾಕ್ ಆದವು. ಸರ್ಕಾರದವರೂ ಸಾಮಾನ್ಯ ಬಳಕೆದಾರರ ಹಾಗೆಯೇ ಕೇಳಿ ಪಡೆಯಬಹುದಲ್ಲ, ಅವರಿಗೆ ಜನವೂ ಇದ್ದಾರೆ, ಸಮಯವೂ ಇದೆ. ಆಮೇಲೆ ಇನ್ನೊಂದು ವಿಧಾನ ಬಂತು. ಅನುಮಾನ ಬರುವ ಸಂಪರ್ಕ ಕಂಡರೆ ಚೀನಾದ ವ್ಯವಸ್ಥೆ ತಾನೇ ಆ ಸರ್ವರಿಗೆ ಕನೆಕ್ಟ್ ಮಾಡಿ ಪರೀಕ್ಷಿಸುತ್ತದೆ. ಸರಿಯಾದ ಉತ್ತರ ಬಂದರೆ ಬ್ಲಾಕ್. 2021ರ ನವೆಂಬರ್‌ನಿಂದ ಇನ್ನೂ ಮುಂದೆ ಹೋಗಿ, ಯಾವ ಗುರುತೂ ಇಲ್ಲದೆ ಪೂರ್ತಿ ಎನ್‌ಕ್ರಿಪ್ಟ್ ಆದ ಡೇಟಾ ಕಂಡರೆ ಅದೇ ಕಾರಣಕ್ಕೆ ತಡೆಯತೊಡಗಿತು. ಔಟ್‌ಲೈನ್ ಬಳಸುವ ಶ್ಯಾಡೋಸಾಕ್ಸ್ ಎಂಬ ತಂತ್ರಕ್ಕೆ ಇದು ದೊಡ್ಡ ಪೆಟ್ಟು. ಇದರಲ್ಲೆಲ್ಲ ಯಾವ ಗೆಳೆಯನ ತಪ್ಪೂ ಇಲ್ಲ.

ಇನ್ನೊಂದು ರೀತಿಯನ್ನು ಸಂಶೋಧಕರು ಅಂಕುಡೊಂಕಿನ ದಾಳಿ ಅನ್ನುತ್ತಾರೆ. ನೀವು ಒಬ್ಬನಿಗೆ ಎರಡು ಸರ್ವರ್ ವಿಳಾಸ ಕೊಟ್ಟಿದ್ದೀರಿ ಅಂದುಕೊಳ್ಳಿ. ಒಂದು ಹೇಗೋ ಸೆನ್ಸಾರ್‌ಗೆ ಗೊತ್ತಾಯಿತು. ಅವರು ಕೂಡಲೇ ಬ್ಲಾಕ್ ಮಾಡದೆ, ಅದಕ್ಕೆ ಯಾರೆಲ್ಲ ಕನೆಕ್ಟ್ ಆಗುತ್ತಾರೆ ಅಂತ ನೋಡುತ್ತಾರೆ. ಆ ಜನ ಬೇರೆ ಯಾವ ಅಪರಿಚಿತ ವಿಳಾಸಕ್ಕೆ ಹೋಗುತ್ತಾರೆ ಅಂತಲೂ ನೋಡುತ್ತಾರೆ. ಎರಡನೇ ಸರ್ವರ್ ಸಿಕ್ಕಿತು. ಅದಕ್ಕೆ ಬರುವವರಿಂದ ಮೂರನೆಯದ್ದು. ನಿಮ್ಮ ಗೆಳೆಯ ಯಾರಿಗೂ ಒಂದು ಮಾತೂ ಹೇಳಿಲ್ಲ. ಅವನು ಬಳಸಿದ ರೀತಿಯೇ ಎಲ್ಲ ಹೇಳಿತು. ಆದ್ದರಿಂದ "ಇರಲಿ, ಎರಡು ಇಟ್ಕೋ, ಒಂದು ಹೋದ್ರೆ ಇನ್ನೊಂದು" ಅಂತ ಉದಾರವಾಗಿ ಕೊಡುವುದು ಒಳ್ಳೆಯ ಅಭ್ಯಾಸ ಅಲ್ಲ. ಒಬ್ಬನಿಗೆ ಒಂದೇ. ಅದು ಹೋದ ಮೇಲೆ ಇನ್ನೊಂದು.

ಹಾಗಾದರೆ ನಿಜವಾಗಿಯೂ ಒಳಗಿನವರೇ ಕೊಟ್ಟಿದ್ದರೆ ಕಂಡುಹಿಡಿಯುವುದು ಹೇಗೆ? ಎಲ್ಲರಿಗೂ ಒಂದೇ ಸರ್ವರ್ ಕೊಟ್ಟರೆ ಯಾರಿಂದ ಹೋಯಿತು ಅಂತ ಎಂದೂ ಗೊತ್ತಾಗುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಸರ್ವರ್ ಕೊಟ್ಟರೆ ಗೊತ್ತಾಗಬಹುದು, ಆದರೆ ಅಷ್ಟು ದುಡ್ಡು ಯಾರ ಹತ್ರ ಇದೆ? 2016ರಲ್ಲಿ ಸಾಮನ್ ಎಂಬ ಯೋಜನೆ ನಡುವಿನ ದಾರಿ ತೋರಿಸಿತು. ಸಣ್ಣ ಗುಂಪುಗಳು, ಗುಂಪಿಗೊಂದು ಸರ್ವರ್. ಒಂದು ಬ್ಲಾಕ್ ಆದರೆ ಆ ಗುಂಪಿನ ಎಲ್ಲರ ಮೇಲೂ ಸ್ವಲ್ಪ ಸ್ವಲ್ಪ ಅನುಮಾನ ಹಂಚಿಹೋಗುತ್ತದೆ, ಯಾರನ್ನೂ ಹೊರಹಾಕುವುದಿಲ್ಲ. ಎರಡನೇ ಸಲ, ಮೂರನೇ ಸಲವೂ ಅದೇ ಮನುಷ್ಯ ಇದ್ದ ಗುಂಪೇ ಹೋದರೆ ಆಗ ಅವನ ಅನುಮಾನದ ಲೆಕ್ಕ ಏರುತ್ತದೆ. ಸರ್ವರ್ ಬಹಳ ದಿನ ಬ್ಲಾಕ್ ಆಗದೆ ಉಳಿದರೆ ಅದರ ಬಳಕೆದಾರರ ಮೇಲಿನ ನಂಬಿಕೆಯ ಮಟ್ಟ ಏರುತ್ತದೆ. ಮೇಲಿನ ಮಟ್ಟಕ್ಕೆ ಬಂದವರು ಮಾತ್ರ ಹೊಸಬರನ್ನು ಕರೆತರಬಹುದು, ಆ ಹೊಸಬರು ಕರೆತಂದವರ ಜೊತೆಗೇ ಇರಬೇಕು.

ಇದು ನಮ್ಮೂರಿನ ಸಹಕಾರಿ ಸಂಘದ ಸಾಲದ ಜಾಮೀನಿನ ಹಾಗೆಯೇ. ಹೊಸಬನಿಗೆ ಸಾಲ ಬೇಕಾದರೆ ಹಳೆಯ ಸದಸ್ಯನೊಬ್ಬ ಸಹಿ ಹಾಕಬೇಕು. ಸಾಲ ಮುಳುಗಿದರೆ ನೋಟಿಸ್ ಸಹಿ ಹಾಕಿದವನ ಮನೆಗೂ ಬರುತ್ತದೆ. "ಒಳ್ಳೆ ಜನ" ಅಂತ ಬಾಯಿಮಾತಿನಲ್ಲಿ ಹೇಳುವುದಕ್ಕೂ, ಅವನಿಂದ ಸರ್ವರ್ ಹೋದರೆ ನನ್ನದೂ ಹೋಗುತ್ತದೆ ಅಂತ ಗೊತ್ತಿದ್ದು ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ರೂಮ್‌ಮೇಟಿಗೆ ಕೊಡು ಅಂತ ಕೇಳಿದ ಗೆಳೆಯನಿಗೆ ನಾನಾದರೆ ಹೀಗೆ ಹೇಳುತ್ತೇನೆ: ಅವನಿಗೆ ಬೇರೆ ಕೀ ಕೊಡ್ತೇನೆ, ಆದರೆ ನಿನ್ನದೇ ಸರ್ವರಿನಲ್ಲಿ. ಅವನು ಹೊರಗೆ ಕೊಟ್ರೆ ನಿನಗೂ ಕಟ್ ಆಗ್ತದೆ. ಬೇಕಾ? ನಿಜವಾಗಿ ನಂಬಿಕೆ ಇದ್ದವರು ಹೂಂ ಅನ್ನುತ್ತಾರೆ. ಉಳಿದವರು "ನೋಡಿ ಹೇಳ್ತೇನೆ" ಅಂತ ಸುಮ್ಮನಾಗುತ್ತಾರೆ.

2023ರಲ್ಲಿ ಬಂದ ಲಾಕ್ಸ್ ಎಂಬ ಯೋಜನೆ ಇದಕ್ಕೆ ಇನ್ನೊಂದು ಮುಖ್ಯ ಅಂಶ ಸೇರಿಸಿತು. ಅದರಲ್ಲಿ ಯಾರು ಯಾರನ್ನು ಕರೆತಂದರು ಅನ್ನುವುದು ವ್ಯವಸ್ಥೆ ನಡೆಸುವವರಿಗೂ ಗೊತ್ತಾಗುವುದಿಲ್ಲ. ಇಷ್ಟೊಂದು ಗುಟ್ಟು ಯಾಕೆ ಅಂದರೆ, ನಂಬಿಕೆಯ ಪಟ್ಟಿ ಒಂದು ಕಡೆ ಬರೆದಿಟ್ಟರೆ ಅದೇ ಪೊಲೀಸರಿಗೆ ಬೇಕಾದ ಪಟ್ಟಿ. ಒಂದು ಸರ್ವರ್ ಬ್ಲಾಕ್ ಆದರೆ ಹೊಸದು ಬಾಡಿಗೆಗೆ ಸಿಗುತ್ತದೆ. ಯಾರು ಯಾರಿಗೆ ಸಹಾಯ ಮಾಡಿದರು ಅನ್ನುವ ಪಟ್ಟಿ ಸಿಕ್ಕಿದರೆ ಮನುಷ್ಯರೇ ಸಿಕ್ಕಿಬೀಳುತ್ತಾರೆ. ಇದು ನಮ್ಮ ಸಣ್ಣ ಮಟ್ಟಕ್ಕೂ ಅನ್ವಯಿಸುತ್ತದೆ. ಔಟ್‌ಲೈನ್ ಮ್ಯಾನೇಜರ್‌ನಲ್ಲಿ ಪ್ರತಿ ಕೀಗೂ ಹೆಸರು ಕೊಡಬಹುದು. ಅನುಕೂಲಕ್ಕೆ ಅಂತ ಪೂರ್ತಿ ಹೆಸರು, ಊರು, ಕಂಪನಿ ಬರೆದಿಡುವವರಿದ್ದಾರೆ. ದಯವಿಟ್ಟು ಬೇಡ. ನಿಮಗೆ ಮಾತ್ರ ಅರ್ಥವಾಗುವ ಗುರುತು ಸಾಕು. "ವಿಪಿಎನ್ ಗೆಳೆಯರು" ಅಂತ ಒಂದು ಗ್ರೂಪ್ ಮಾಡುವುದಂತೂ ಬೇಡವೇ ಬೇಡ. ಒಬ್ಬನ ಫೋನ್ ಏರ್‌ಪೋರ್ಟಿನಲ್ಲಿ ತೆರೆಸಿದರೆ ಉಳಿದ ಎಲ್ಲರ ನಂಬರ್ ಅಲ್ಲೇ ಇರುತ್ತದೆ.

ಯಾರನ್ನು ಯಾರ ಜೊತೆ ಸೇರಿಸಬಾರದು

ಗುಂಪು ಮಾಡುವಾಗ ಪರಿಚಯಕ್ಕಿಂತ ಅಪಾಯದ ಮಟ್ಟ ನೋಡಬೇಕು. ರೀಲ್ಸ್ ನೋಡಲು ಇನ್‌ಸ್ಟಾಗ್ರಾಂ ಬೇಕಾದ ವಿದ್ಯಾರ್ಥಿಯೂ, ಅಲ್ಲಿನ ಸರ್ಕಾರದ ಬಗ್ಗೆ ಬರೆಯುವ ಪತ್ರಕರ್ತನೂ ಒಂದೇ ಸರ್ವರಿನಲ್ಲಿ ಇರಬಾರದು. ವಿದ್ಯಾರ್ಥಿ ಎಲ್ಲಿಯೋ ಲಿಂಕ್ ಹಂಚಿ ಸರ್ವರ್ ಬೆಳಕಿಗೆ ಬಂದರೆ ಪತ್ರಕರ್ತನ ಸಂಪರ್ಕವೂ ಕಣ್ಣಿಗೆ ಬೀಳುತ್ತದೆ. ಪತ್ರಕರ್ತನ ಮೇಲೆ ಕಣ್ಣಿಟ್ಟವರಿಗೆ ವಿದ್ಯಾರ್ಥಿಯೂ ಸಿಗುತ್ತಾನೆ. ಇಬ್ಬರೂ ನಂಬಿಕಸ್ಥರೇ ಆಗಿದ್ದರೂ ಇದು ಆಗುತ್ತದೆ. ನಿಜಕ್ಕೂ ಅಪಾಯದ ಕೆಲಸದಲ್ಲಿರುವವರಿಗೆ ನಮ್ಮಂಥ ಹವ್ಯಾಸಿಗಳ ಸರ್ವರ್ ಸಾಕಾಗುವುದಿಲ್ಲ. ಅವರಿಗೆ ಟಾರ್ ಬ್ರೌಸರ್ ಕಡೆ ದಾರಿ ತೋರಿಸುವುದು, ಅಪಾಯ ಎಷ್ಟು ಅಂತ ಬಿಡಿಸಿ ಹೇಳುವುದು, ಅಷ್ಟೇ ನಮ್ಮ ಕೈಲಾಗುವುದು. ಅದಕ್ಕಿಂತ ಜಾಸ್ತಿ ಭರವಸೆ ಕೊಡುವುದು ತಪ್ಪು.

ಅಳುಕಿಲ್ಲದೆ "ಇಲ್ಲ" ಅನ್ನಬೇಕಾದ ಕೆಲವು ಸಂದರ್ಭಗಳಿವೆ. ಒಟ್ಟಿಗೆ ಹತ್ತು ಕೀ ಕೇಳುವವನು. ದುಡ್ಡಿಗೆ ಮಾರುವ ಆಲೋಚನೆ ಇರುವವನು. ಉಳಿದವರು ಯಾರು, ಸರ್ವರ್ ಎಲ್ಲಿದೆ, ಎಷ್ಟು ಮಂದಿ ಇದ್ದಾರೆ ಅಂತ ಬೇಡದ ಪ್ರಶ್ನೆ ಕೇಳುವವನು. ಇವರೆಲ್ಲ ಕೆಟ್ಟವರು ಅಂತ ಅಲ್ಲ, ಮೂರನೆಯವನು ಬರೀ ಕುತೂಹಲದವನೂ ಇರಬಹುದು. ಉತ್ತರ ಕೊಡಬೇಕಾದ ಅಗತ್ಯ ನಿಮಗಿಲ್ಲ ಅಷ್ಟೇ.

ಕೊಟ್ಟ ನಂಬಿಕೆಯನ್ನು ವಾಪಸ್ ಪಡೆಯುವುದೂ ಇದೇ ಕೆಲಸದ ಭಾಗ. ಗೆಳೆಯ ಕೆಲಸ ಬಿಟ್ಟು ಊರಿಗೆ ಬಂದ. ಕೋರ್ಸ್ ಮುಗಿಯಿತು. ಫೋನ್ ಮಾರಿದ. ಜಗಳವಾಗಿ ಮಾತು ಬಿಟ್ಟ. ಅಂದೇ ಆ ಕೀ ಡಿಲೀಟ್ ಮಾಡಿ. ಒಬ್ಬರಿಗೊಂದು ಕೀ ಇದ್ದರೆ ಇದು ಒಂದು ಕ್ಲಿಕ್ಕಿನ ಕೆಲಸ, ಎಲ್ಲರಿಗೂ ಒಂದೇ ಇದ್ದರೆ ಎಲ್ಲರಿಗೂ ಹೊಸದು ಕಳಿಸುತ್ತಾ ಕೂರಬೇಕು. ಬಳಕೆ ಇದ್ದಕ್ಕಿದ್ದಂತೆ ಹತ್ತು ಪಟ್ಟು ಏರಿದರೆ ಕೀ ಬೇರೆಯವರ ಕೈಗೆ ಹೋಗಿದೆ ಅಂತ ಅರ್ಥ ಇರಬಹುದು. ಪ್ರತಿ ಕೀಗೆ ಡೇಟಾ ಮಿತಿ ಹಾಕುವ ಸೌಲಭ್ಯ ಇದೆ, ಮೊದಲ ದಿನವೇ ಹಾಕಿಬಿಡಿ.

ಕೀ ಕೊಡಲು ಒಳ್ಳೆಯ ಹೊತ್ತು ಅಂದರೆ ಗೆಳೆಯ ರಜೆಯಲ್ಲಿ ಊರಿಗೆ ಬಂದಾಗ. ಅವನು ಅಲ್ಲಿಗೆ ಹೋದ ಮೇಲೆ ವಾಟ್ಸಾಪ್‌ನಲ್ಲಿ ಕಳಿಸುವುದಕ್ಕಿಂತ, ಬಜ್ಪೆಯಿಂದ ವಿಮಾನ ಹತ್ತುವ ಮೊದಲೇ ಎದುರು ಕೂತು ಆ್ಯಪ್ ಹಾಕಿ, ಸಿಗ್ನಲ್ ಎಂಬ ಮೆಸೇಜ್ ಆ್ಯಪ್‌ನಲ್ಲಿ ಇಬ್ಬರ ಸೇಫ್ಟಿ ನಂಬರ್ (ಎದುರಿಗಿರುವುದು ಅವನೇ ಅಂತ ಖಚಿತ ಮಾಡುವ ಸಂಖ್ಯೆ) ಹೋಲಿಸಿ ನೋಡಿ, ಅಲ್ಲಿನ ಕಾನೂನಿನ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿ. ಸಿಗ್ನಲ್ಲೇ ಬ್ಲಾಕ್ ಆಗಿರುವ ರಷ್ಯಾದಂಥ ಕಡೆಗೆ ಹೋಗುವವರಾದರೆ ಸಂಪರ್ಕಕ್ಕೆ ಇನ್ನೊಂದು ದಾರಿಯನ್ನೂ ಗೊತ್ತು ಮಾಡಿಕೊಳ್ಳಿ. ಒಂದು ಮಾತನ್ನು ಮೊದಲೇ ಒಪ್ಪಂದ ಮಾಡಿಕೊಂಡಿರಿ. ಮಾಮೂಲಿ ಮೆಸೇಜಿನ ನಡುವೆ ಅದು ಬಂದರೆ, ಫೋನ್ ತನ್ನ ಕೈಯಲ್ಲಿಲ್ಲ ಅಥವಾ ಯಾರೋ ಪಕ್ಕದಲ್ಲಿ ಕೂತಿದ್ದಾರೆ ಅಂತ ಅರ್ಥ. ಆಗ ಏನನ್ನೂ ಕೇಳದೆ ಕೀ ತೆಗೆದುಹಾಕಿ, ಅದೇ ಸರ್ವರಿನಲ್ಲಿರುವ ಉಳಿದವರನ್ನು ಬೇರೆ ಕಡೆಗೆ ಸಾಗಿಸಿ, ಅವನು ತಾನಾಗಿ ಬೇರೆ ನಂಬರಿನಿಂದ ಕಾಲ್ ಮಾಡುವವರೆಗೆ ಆ ವಿಷಯದಲ್ಲಿ ಒಂದು ಮೆಸೇಜನ್ನೂ ಕಳಿಸಬೇಡಿ.